ಹಿಂದಿನ ಚಕ್ರದ ಆಕ್ಸಲ್ ಬೂಟ್ ಹರಿದಿದೆ: ಬೂಟ್ ಸಾಕೋ, ಆಕ್ಸಲ್ಲೇ ಬದಲಿಸಬೇಕೋ?

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದವನು. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಪೋರ್ಷೆ ಬಾಕ್ಸ್‌ಸ್ಟರ್ ಇದೆ, 987 ಮಾಡೆಲ್. ಕಳೆದ ವಾರ ಬೆಂಗಳೂರಿನಿಂದ ಬಂದು ನೋಡಿದರೆ ಎಡಗಡೆ ಹಿಂದಿನ ಚಕ್ರದ ಒಳಮೈಗೆಲ್ಲ ಕರೀ ಗ್ರೀಸ್ ಎರಚಿತ್ತು. ಬಗ್ಗಿ ನೋಡಿದೆ, ಚಕ್ರದ ಕಡೆಯ ಆಕ್ಸಲ್ ಬೂಟ್ (ಆಕ್ಸಲ್ ಜಾಯಿಂಟ್ ಮುಚ್ಚುವ ಮಡಿಕೆ ರಬ್ಬರ್) ಹರಿದಿದೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಎರಡು ಸುತ್ತು ಹೊಡೆದರು. ‘ಕಟಕಟ ಸದ್ದಿಲ್ಲ, ಜಾಯಿಂಟ್ ಚೆನ್ನಾಗಿದೆ. ಸೀಳು ಬೂಟ್ ಹಾಕಿ ಗಮ್ ಹಚ್ಚಿದರೆ ಒಂದು ಗಂಟೆ ಕೆಲಸ’ ಅಂದರು. ಬೆಂಗಳೂರಿನ ವರ್ಕ್‌ಶಾಪ್‌ಗೆ ಫೋನ್ ಮಾಡಿದರೆ ಎರಡೂ ಕಡೆ ಪೂರ್ತಿ ಆಕ್ಸಲ್ ಬದಲಿಸಲೇಬೇಕು ಅಂತಾರೆ. ಯಾರ ಮಾತು ಕೇಳಲಿ? ಮನೆಯಲ್ಲೇ ಮಾಡಿಕೊಳ್ಳಬಹುದಾ? ಅಲ್ಲಿಯವರೆಗೆ ಓಡಿಸಬಹುದಾ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಇಬ್ಬರೂ ಜಾಯಿಂಟ್ ಒಳಗೆ ನೋಡದೆ ಹೇಳಿದ್ದಾರೆ.

ಮೊದಲು ಆ ಸದ್ದಿನ ವಿಷಯ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಸುತ್ತು ಹೊಡೆಯುವ ಪರೀಕ್ಷೆ ತಪ್ಪಲ್ಲ, ಆದರೆ ಅದು ನಿಮ್ಮ ಕಾರಿನದ್ದಲ್ಲ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ನಮ್ಮ ಗ್ಯಾರೇಜುಗಳಿಗೆ ಈ ರಬ್ಬರ್ ಬೂಟಿನ ಗೊಡವೆಯೇ ಇರಲಿಲ್ಲ. ಹಿಂದೆ ಗಟ್ಟಿ ಆಕ್ಸಲ್, ಎಲ್ಲ ಕಬ್ಬಿಣದ ಕೊಳವೆಯೊಳಗೆ. 1983ರ ಕೊನೆಗೆ ಮಾರುತಿ 800 ಬಂತು, ಮುಂದಿನ ಚಕ್ರಕ್ಕೇ ಎಂಜಿನ್ ಎಳೆತ ಬಂತು, ಆಮೇಲೆ ಆಕ್ಸಲ್ ಬೂಟ್ ದಿನನಿತ್ಯದ ಕೆಲಸವಾಯಿತು. ಆ ಕಾರುಗಳಲ್ಲಿ ಎಳೆಯುವ ಚಕ್ರವೇ ತಿರುಗುವ ಚಕ್ರ. ಸ್ಟೇರಿಂಗ್ ತಿರುಗಿಸಿದಾಗ ಜಾಯಿಂಟ್ ಪೂರ್ತಿ ಬಗ್ಗುತ್ತದೆ, ಸವೆದಿದ್ದರೆ ಕಟಕಟ ಅನ್ನುತ್ತದೆ. ಹಾಗಾಗಿ ಈ ಪರೀಕ್ಷೆ ಎಲ್ಲರ ಕೈಗೂ ಒಗ್ಗಿಹೋಗಿದೆ.

ಬಾಕ್ಸ್‌ಸ್ಟರ್‌ನಲ್ಲಿ ಎಂಜಿನ್ ಸೀಟಿನ ಹಿಂದೆ, ಎಳೆಯುವುದು ಹಿಂದಿನ ಚಕ್ರ. ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಹಿಂದಿನ ಚಕ್ರ ನೆಟ್ಟಗೇ ಇರುತ್ತದೆ, ಅಲ್ವಾ? ಅಲ್ಲಿನ ಜಾಯಿಂಟ್ ಬಗ್ಗುವುದು ಸಸ್ಪೆನ್ಷನ್ ಏರಿಳಿದಷ್ಟು ಮಾತ್ರ. ಅದಕ್ಕೇ ಅದು ಸವೆದರೂ ಬೇಗ ಬಾಯಿ ಬಿಡುವುದಿಲ್ಲ. ಸುಳಿವು ಬಂದರೂ ಬೇರೆ ರೂಪದಲ್ಲಿ ಬರುತ್ತದೆ: ನಿಂತಲ್ಲಿಂದ ಹೊರಡುವಾಗ ‘ಟಕ್’ ಅಂತ ಒಂದು ಏಟು, ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಹಿಂದಿನಿಂದ ಒಂದು ಸಡಿಲ ಸದ್ದು, ಜೋರಾಗಿ ಎಳೆಸಿದಾಗ ಸೀಟಿನಡಿ ನಡುಕ. ಇವು ಕೇಳಿಸುವ ಹೊತ್ತಿಗೆ ಬೂಟ್ ಬದಲಿಸಿ ಪ್ರಯೋಜನವಿರುವುದಿಲ್ಲ. ಆದ್ದರಿಂದ ನಿಮ್ಮ ಕಾರಿಗೆ ಕಿವಿ ನಂಬಬೇಡಿ, ಗ್ರೀಸ್ ನೋಡಿ.

ಬೂಟಿನೊಳಗೆ ಇರುವುದು ಸಿವಿ (ಕಾನ್‌ಸ್ಟಂಟ್ ವೆಲಾಸಿಟಿ) ಜಾಯಿಂಟ್. ಹೊರಗೊಂದು ಬಟ್ಟಲು, ಒಳಗೊಂದು ರೇಸ್ (ಬಾಲ್ ಓಡುವ ಬಳೆ), ನಡುವೆ ಪಂಜರದಲ್ಲಿ ಕೂತ ಉಕ್ಕಿನ ಬಾಲ್‌ಗಳು. ಸಾಮಾನ್ಯವಾಗಿ ಆರು. ಶಾಫ್ಟ್ ಬಗ್ಗಿದ್ದರೂ ಎರಡೂ ತುದಿ ಒಂದೇ ವೇಗದಲ್ಲಿ ತಿರುಗಬೇಕು, ಅದಕ್ಕೆ ಈ ಏರ್ಪಾಡು. ಚಕ್ರದ ಕಡೆಯ ಜಾಯಿಂಟಿನ ಈ ರಚನೆ ಆಲ್ಫ್ರೆಡ್ ರಜೆಪ್ಪಾ ಎಂಬ ಎಂಜಿನಿಯರ್ 1920ರ ದಶಕದಲ್ಲಿ ಕಂಡುಹಿಡಿದದ್ದು. ಈಗಲೂ ಲೋಕದ ಬಹುಪಾಲು ಕಾರುಗಳು ಅದರ ಮೇಲೇ ಓಡುತ್ತಿವೆ. ಬಾಲ್ ಮತ್ತು ಅದು ಓಡುವ ತೋಡು ಎರಡೂ ಕನ್ನಡಿಯಷ್ಟು ನುಣುಪು. ಇಡೀ ಎಂಜಿನ್ನಿನ ಎಳೆತ ಆ ಪುಟ್ಟ ಬಾಲ್‌ಗಳ ಮೂಲಕವೇ ಹೋಗುತ್ತದೆ. ಅದನ್ನು ಕಾಯುವುದು ಒಂದು ಹಿಡಿ ಗ್ರೀಸ್, ಗ್ರೀಸನ್ನು ಕಾಯುವುದು ಆ ರಬ್ಬರ್.

ನಿಮ್ಮ ಹಿಂದಿನ ಟಯರಿನ ಸುತ್ತಳತೆ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ಶಾಫ್ಟ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಬೂಟ್ ಹರಿದಿದ್ದರೆ ಆ ರಭಸಕ್ಕೆ ಗ್ರೀಸ್ ಎರಚಿಕೊಂಡು ಹೊರಗೆ ಬರುತ್ತದೆ. ಊರೊಳಗೆ ತಿಂಗಳುಗಟ್ಟಲೆ ಆಗದ್ದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೇ ಓಟಕ್ಕೆ ಆಗಿಬಿಡುತ್ತದೆ. ಗ್ರೀಸ್ ಹೊರಗೆ ಹೋದದ್ದಕ್ಕಿಂತ ಮಣ್ಣು, ನೀರು ಒಳಗೆ ಬಂದದ್ದು ದೊಡ್ಡ ತೊಂದರೆ. ಗ್ರೀಸಿಗೆ ನುಣ್ಣನೆ ಮರಳು ಸೇರಿದರೆ ಅದು ವಾಲ್ವ್ ಉಜ್ಜುವ ಪೇಸ್ಟ್ ಆಗಿಬಿಡುತ್ತದೆ. ಆಮೇಲೆ ಜಾಯಿಂಟ್ ತನ್ನನ್ನು ತಾನೇ ಉಜ್ಜಿಕೊಳ್ಳುತ್ತದೆ.

ಈಗ ಇವತ್ತೇ ಮಾಡಬೇಕಾದ ಒಂದು ಕೆಲಸ. ಚಕ್ರದ ಕಡೆಯ ಬೂಟ್ ಹರಿದಿದ್ದರೆ ಗ್ರೀಸ್ ಬ್ರೇಕ್ ಡಿಸ್ಕ್ ಮೇಲೂ ಹಾರಿರಬಹುದು. ಚಕ್ರ ಬಿಚ್ಚಿ ಡಿಸ್ಕಿನ ಎರಡೂ ಮುಖ, ಪ್ಯಾಡ್ ಅಂಚು ನೋಡಿ. ಡಿಸ್ಕ್ ಮೇಲೆ ಸ್ವಲ್ಪ ಬಿದ್ದಿದ್ದರೆ ಬ್ರೇಕ್ ಕ್ಲೀನರ್ ಹಾಕಿ ಒರೆಸಬಹುದು. ಪ್ಯಾಡ್ ಗ್ರೀಸ್ ಕುಡಿದಿದ್ದರೆ ಪ್ಯಾಡ್ ಬದಲಿಸದೆ ಬೇರೆ ದಾರಿ ಇಲ್ಲ. ಇದು ಮುಗಿಯುವ ತನಕ ಗಾಡಿ ತೆಗೆಯಬೇಡಿ. ಡಿಸ್ಕ್ ಶುಚಿಯಾಗಿದ್ದರೆ, ಮಳೆ ಇಲ್ಲದ ದಿನ, ನಿಧಾನವಾಗಿ ಊರೊಳಗಿನ ಗ್ಯಾರೇಜಿಗೆ ಹೋಗಬಹುದು. ಬೆಂಗಳೂರಿಗೆ ಓಡಿಸಿಕೊಂಡು ಹೋಗುವುದು ಬೇಡ. ಅಲ್ಲಿಗೇ ಒಯ್ಯಬೇಕಾದರೆ ಫ್ಲಾಟ್‌ಬೆಡ್ ಮೇಲೆ ಹಾಕಿಸಿ. ಹರಿದ ಕಡೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹೊಡೆಯುವ ಉಪಾಯವನ್ನೂ ಮಾಡಬೇಡಿ. ಆ ತಿರುಗಾಟಕ್ಕೆ ಅದು ಬಿಚ್ಚಿ ಬ್ರೇಕಿಗೋ ಎಬಿಎಸ್ ವೈರಿಗೋ ಸುತ್ತಿಕೊಳ್ಳುತ್ತದೆ.

ಇನ್ನು ಬೂಟನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಟಾರ್ಚ್ ಹಿಡಿದು, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ನೋಡಬೇಕು. ಮಡಿಕೆಯ ಒಳಗುಂಟ, ಸುತ್ತಲೂ ಬಿರುಕು ಬಿಟ್ಟಿದ್ದರೆ ರಬ್ಬರಿಗೆ ವಯಸ್ಸಾಗಿದೆ. ಅಂದರೆ ಬಲಗಡೆಯದ್ದೂ ಅದೇ ಹಾದಿಯಲ್ಲಿದೆ ಅಂತ ಲೆಕ್ಕ. ಒಂದೇ ಕಡೆ ಚೂಪಾಗಿ ಸೀಳಿದ್ದರೆ ಕಲ್ಲೋ ತಂತಿಯೋ ತಾಗಿದೆ. ಕ್ಲಾಂಪ್ (ಬೂಟನ್ನು ಬಿಗಿಯುವ ಪಟ್ಟಿ) ಪಕ್ಕದಲ್ಲಿ ಹರಿಯದೆ ಗ್ರೀಸ್ ಮಾತ್ರ ಬಂದಿದ್ದರೆ ಕ್ಲಾಂಪ್ ಸಡಿಲವಾಗಿದೆ, ಬೂಟ್ ಸರಿಯೇ ಇರಬಹುದು. ಕಚ್ಚಿದ ಗುರುತು ಇದ್ದರೆ ಹೆಗ್ಗಣದ ಕೆಲಸ. ಇಂಥ ಕಾರುಗಳು ವಾರಗಟ್ಟಲೆ ಶೆಡ್ಡಿನಲ್ಲಿ ನಿಂತಿರುತ್ತವೆ, ವೈರ್ ಕಡಿಯುವ ಹೆಗ್ಗಣ ಬೂಟ್ ಬಿಡುತ್ತದಾ?

ಆಮೇಲೆ ಹರಿದ ಬಾಯಿಯಿಂದ ಬೆರಳಲ್ಲಿ ಒಂದಿಷ್ಟು ಗ್ರೀಸ್ ತೆಗೆಯಿರಿ. ಹೊರಗೆ ಮೆತ್ತಿದ್ದು ಬೇಡ, ಒಳಗಿನದ್ದು. ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ. ಬೆಣ್ಣೆಯಂತೆ ಜಾರಿದರೆ, ಬಣ್ಣ ಕಪ್ಪಗೆ ಒಂದೇ ತರ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಬೂಟ್ ಕಿಟ್ ಸಾಕು. ಕರಕರ ಅಂದರೆ ಮಣ್ಣು ಹೋಗಿದೆ. ಆಗಲೂ ಆಕ್ಸಲ್ ಎಸೆಯಬೇಕಿಲ್ಲ, ಬಿಚ್ಚಿ ತೊಳೆದು ನೋಡಿ ತೀರ್ಮಾನ. ಬೂದು ಬಣ್ಣಕ್ಕೆ ತಿರುಗಿ ತೆಳ್ಳಗಾಗಿದ್ದರೆ ನೀರು ಸೇರಿದೆ. ಬಿಸಿಲಿಗೆ ಹಿಡಿದಾಗ ಬೆಳ್ಳಿ ಪುಡಿಯಂತೆ ಮಿನುಗಿದರೆ ಅದು ಜಾಯಿಂಟಿನ ಉಕ್ಕು. ಅಲ್ಲಿಗೆ ಬೂಟಿನ ಮಾತು ಮುಗಿಯಿತು. ಒಂದು ಎಚ್ಚರಿಕೆ: ಈ ಗ್ರೀಸಿಗೆ ಮಾಲಿಬ್ಡಿನಮ್ ಬೆರೆಸಿರುತ್ತಾರೆ, ಅದಕ್ಕೂ ಸ್ವಲ್ಪ ಹೊಳಪಿದೆ. ಅದು ಪೆನ್ಸಿಲ್ ಸೀಸದಂತೆ ಒಂದೇ ಸಮನೆ ಮಬ್ಬು ಹೊಳಪು. ಉಕ್ಕಿನದ್ದು ಚುಕ್ಕೆ ಚುಕ್ಕೆಯಾಗಿ ಮಿನುಗುತ್ತದೆ. ಸಂಶಯವಿದ್ದರೆ ಬಿಳಿ ಕಾಗದದ ಮೇಲೆ ಸವರಿ, ಅಡಿಯಲ್ಲಿ ಅಯಸ್ಕಾಂತ ಆಡಿಸಿ ನೋಡಿ.

ಸೀಳು ಬೂಟಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಈ ಕಾರಿಗೆ ಬೇಡ. ಉದ್ದಕ್ಕೆ ಸೀಳಿದ ರಬ್ಬರನ್ನು ಶಾಫ್ಟ್ ಸುತ್ತ ಹಾಕಿ ಅಂಟು ಹಚ್ಚುವುದು. ಆಕ್ಸಲ್ ಬಿಚ್ಚುವ ಕೆಲಸ ಉಳಿಯುತ್ತದೆ, ಅದೊಂದೇ ಲಾಭ. ಆದರೆ ಅಂಟು ಹಿಡಿಯಬೇಕಾದರೆ ಒಂದು ಹನಿ ಜಿಡ್ಡೂ ಇರಬಾರದು. ಗ್ರೀಸ್ ತುಂಬಿದ ಜಾಯಿಂಟಿನ ಮೇಲೆ, ಕಾರಿನ ಅಡಿ ಮಲಗಿಕೊಂಡು ಅದು ಆಗುವ ಮಾತಲ್ಲ. ಮೇಲಾಗಿ ಒಳಗಿನ ಕೊಳೆ ಒಳಗೇ ಉಳಿಯುತ್ತದೆ. ಊರೊಳಗೆ ಓಡುವ ಹಳೇ ಕಾರಿಗೆ ನಾಲ್ಕು ದಿನದ ಮಟ್ಟಿಗೆ ಓಕೆ.

ಸರಿಯಾದ ಕೆಲಸ ಅಂದರೆ ಆಕ್ಸಲ್ ಹೊರಗೆ ತೆಗೆದು ಇಡೀ ಬೂಟ್ ತೂರಿಸುವುದು. ಇದರಲ್ಲಿ ಕಾರಿಗೇ ಏಟು ಬೀಳುವ ಎರಡು ಮೂರು ಜಾಗ ಇವೆ.

ಮೊದಲನೆಯದು ಚಕ್ರದ ನಡುವಿನ ದೊಡ್ಡ ನಟ್. 32 ಎಂ.ಎಂ. ಸಾಕೆಟ್ ಬೇಕು. ಬಿಗಿತ 460 ನ್ಯೂಟನ್ ಮೀಟರ್. ಒಂದು ಮೀಟರ್ ಪೈಪಿನ ತುದಿಗೆ ಸುಮಾರು 47 ಕೆ.ಜಿ. ತೂಗು ಹಾಕಿದಷ್ಟು ಬಲ ಇದು. ಜಾಕ್ ಮೇಲೆ ನಿಂತ ಕಾರಿಗೆ ಪೈಪ್ ಹಾಕಿ ಈ ನಟ್ ಎಳೆದರೆ ಕಾರು ಜಾಕಿನಿಂದ ಜಾರಿ ಬೀಳಬಹುದು. ಚಕ್ರ ನೆಲದ ಮೇಲಿರುವಾಗಲೇ ಮಧ್ಯದ ಕ್ಯಾಪ್ ತೆಗೆದು, ಹ್ಯಾಂಡ್‌ಬ್ರೇಕ್ ಹಾಕಿ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಸಡಿಲಿಸಿ. ಸಡಿಲಿಸುವುದು ಅಷ್ಟೇ. ಪೂರ್ತಿ ಬಿಚ್ಚಿದ ಮೇಲೆ ಕಾರನ್ನು ನೆಲಕ್ಕಿಳಿಸಬಾರದು, ತಳ್ಳಬಾರದು. ಆ ನಟ್ಟೇ ವೀಲ್ ಬೇರಿಂಗನ್ನು ಬಿಗಿ ಹಿಡಿದಿರುವುದು. ಅದಿಲ್ಲದೆ ಭಾರ ಬಿದ್ದರೆ ಬೇರಿಂಗ್ ಹೋಗುತ್ತದೆ. ಬೂಟ್ ಕೆಲಸಕ್ಕೆ ಹೋಗಿ ಬೇರಿಂಗ್ ಬಿಲ್ ತಂದುಕೊಳ್ಳುವವರು ಹೀಗೇ. ಹಳೇ ನಟ್ ಮತ್ತೆ ಹಾಕಬೇಡಿ, ಹೊಸದು ತರಿಸಿ. ಏರ್ ಗನ್ನಿನಲ್ಲಿ ‘ಟರ್’ ಅನ್ನಿಸಿ ‘ಆಯ್ತು ಸಾರ್’ ಅಂದರೆ ಒಪ್ಪಬೇಡಿ.

ಎರಡನೆಯದು ಗೇರ್‌ಬಾಕ್ಸ್ ಕಡೆಯ ಬೋಲ್ಟುಗಳು. ಅವುಗಳ ತಲೆಯ ಗುಳಿಯಲ್ಲಿ ಮಣ್ಣು, ಗ್ರೀಸ್ ಸೇರಿ ಕಲ್ಲಾಗಿರುತ್ತದೆ. ಹಾಗೇ ಬಿಟ್ ಇಟ್ಟು ತಿರುಗಿಸಿದರೆ ತಲೆ ಸವೆದು ಬೋಳಾಗುತ್ತದೆ. ಸೂಜಿಯಂಥ ಸ್ಕ್ರೂಡ್ರೈವರ್‌ನಲ್ಲಿ ಗುಳಿ ಕೆರೆದು, ಬ್ರೇಕ್ ಕ್ಲೀನರ್ ಊದಿ, ಬಿಟ್ಟನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿ ಆಮೇಲೆ ತಿರುಗಿಸಿ. ಅಲೆನ್ನೋ, ಟಾರ್ಕ್ಸೋ, ಹನ್ನೆರಡು ಮೂಲೆಯದ್ದೋ ಅಂತ ಮೊದಲೇ ನೋಡಿಕೊಳ್ಳಿ. ಜರ್ಮನ್ ಕಾರುಗಳಲ್ಲಿ ಇವು ಒಂದರಂತೆ ಒಂದು ಕಾಣುತ್ತವೆ. ‘ಹತ್ತಿರದ ಸೈಜ್’ ಹಾಕಿದರೆ ಕೆಟ್ಟಿತು.

ಚಕ್ರ ಕೂರುವ ಹಬ್‌ನಿಂದ ಆಕ್ಸಲ್ ತುದಿ ಈಚೆ ಬರದಿದ್ದರೆ ನೇರ ಸುತ್ತಿಗೆ ಏಟು ಬೇಡ, ಥ್ರೆಡ್ ಚಪ್ಪಟೆಯಾಗುತ್ತದೆ. ಪುಲ್ಲರ್ ಹಾಕಿ. ಈಚೆ ತೆಗೆಯಲು ಜಾಗ ಸಾಲದೆ ಸಸ್ಪೆನ್ಷನ್ ಲಿಂಕ್ ಬಿಚ್ಚಿದರೆ ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.

ಆಕ್ಸಲ್ ಟೇಬಲ್ ಮೇಲೆ ಬಂದ ಮೇಲೆ ಒಂದು ವಿಷಯ ಗೊತ್ತಿರಲಿ. ಈ ಕಾರಿನ ಶಾಫ್ಟಿನಲ್ಲಿ ಚಕ್ರದ ಕಡೆಯ ಜಾಯಿಂಟ್ ಬಿಚ್ಚಿ ತೆಗೆಯುವ ಹಾಗಿಲ್ಲ. ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ತೆಗೆದು, ಆ ತುದಿಯಿಂದ ಬೂಟನ್ನು ಶಾಫ್ಟಿನುದ್ದಕ್ಕೂ ತೂರಿಸಿಕೊಂಡು ಬರಬೇಕು. ಹಾಗಾಗಿ ಹರಿದದ್ದು ಒಂದೇ ಆದರೂ ಎರಡೂ ಬೂಟ್ ಹೇಗಿದ್ದರೂ ಕೈಗೆ ಬರುತ್ತವೆ. ಎರಡನ್ನೂ ಹೊಸದು ಹಾಕಿಬಿಡಿ. ಗೇರ್‌ಬಾಕ್ಸ್ ಕಡೆಯದ್ದು ಸೈಲೆನ್ಸರ್ ಬಿಸಿಗೆ ಹತ್ತಿರ, ಅದು ಬೇಗ ಒಣಗುತ್ತದೆ.

ಆ ಜಾಯಿಂಟನ್ನು ಹಿಡಿದಿರುವುದು ಒಂದು ಸರ್ಕ್ಲಿಪ್ (ಸ್ಪ್ರಿಂಗ್ ಬಳೆ). ತೆಗೆಯುವ ಮೊದಲು ಹೊರಗಿನ ಬಟ್ಟಲು, ಪಂಜರ, ಒಳಗಿನ ರೇಸ್ ಮೂರಕ್ಕೂ ಸಾಲಾಗಿ ಪೇಂಟ್ ಗುರುತು ಹಾಕಿ. ಈ ಕಡೆಯ ಜಾಯಿಂಟ್ ಉದ್ದಕ್ಕೂ ಜರುಗುವಂಥದ್ದು. ಜಾಸ್ತಿ ಓರೆ ಮಾಡಿದರೆ ಬಾಲ್‌ಗಳು ನೆಲಕ್ಕೆ ಉದುರುತ್ತವೆ. ಉದುರಿದ ಮೇಲೆ ರೇಸನ್ನು ಬೇರೆ ಕೋನದಲ್ಲಿ ಕೂರಿಸಿದರೆ ಜಾಯಿಂಟ್ ಹಿಡಿದುಕೊಳ್ಳುತ್ತದೆ. ಗುರುತಿದ್ದರೆ ಐದು ನಿಮಿಷದ ಕೆಲಸ, ಇಲ್ಲದಿದ್ದರೆ ಅರ್ಧ ದಿನದ ತಲೆನೋವು.

ಚಕ್ರದ ಕಡೆಯದ್ದನ್ನು ಶಾಫ್ಟಿನ ಮೇಲಿಟ್ಟೇ ತೊಳೆಯಬೇಕು. ಒಂದೊಂದೇ ಬಾಲ್ ಮೇಲಕ್ಕೆ ಬರುವಂತೆ ಓರೆ ಮಾಡಿ ಮಾಡಿ ಬ್ರೇಕ್ ಕ್ಲೀನರ್ ಹೊಡೆಯಿರಿ. ಪೆಟ್ರೋಲ್ ಡಬ್ಬಿಯಲ್ಲಿ ಅದ್ದುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ಬೆಂಕಿಯ ಭಯ ಒಂದು ಕಡೆ, ಒಳಗೆ ಉಳಿದ ಪೆಟ್ರೋಲ್ ಹೊಸ ಗ್ರೀಸನ್ನು ತೆಳುಮಾಡುವುದು ಇನ್ನೊಂದು ಕಡೆ. ಪೂರ್ತಿ ಒಣಗಲು ಬಿಡಿ. ಈಗ ನೋಡಿ. ಬಾಲ್ ಓಡಿದ ಕಡೆ ನುಣ್ಣನೆ ಹೊಳೆಯುವ ಪಟ್ಟಿ ಇದ್ದರೆ ಅದು ಸಹಜ. ಉಗುರು ಎಳೆದಾಗ ಅಂಚು ತಾಗಿದರೆ, ಚುಕ್ಕೆ ಗುಳಿ ಬಿದ್ದಿದ್ದರೆ, ಪಂಜರದ ಕಿಟಕಿಯಲ್ಲಿ ಬಾಲ್ ಅಲ್ಲಾಡಿದರೆ ಜಾಯಿಂಟ್ ಮುಗಿದಿದೆ. ಚಕ್ರದ ಕಡೆಯದ್ದು ಮುಗಿದಿದ್ದರೆ ಶಾಫ್ಟ್ ಸಮೇತ ಬದಲಿಸಬೇಕು. ಬೆಂಗಳೂರಿನವರ ಮಾತಿನಲ್ಲಿ ಹುರುಳಿರುವುದು ಈ ಒಂದು ಸಂದರ್ಭದಲ್ಲಿ. ನೋಡುವ ಮೊದಲೇ, ಅದೂ ಎರಡೂ ಕಡೆ, ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಜಾಯಿಂಟ್ ಚೆನ್ನಾಗಿದ್ದರೆ ಮುಂದಿನದ್ದು ಕೈಚಳಕ. ಶಾಫ್ಟಿನ ಹಲ್ಲುಗಳ ಮೇಲೆ ಟೇಪ್ ಸುತ್ತಿ, ಇಲ್ಲದಿದ್ದರೆ ಹೊಸ ಬೂಟಿನ ತುಟಿ (ಕ್ಲಾಂಪ್ ಕೂರುವ ಅಂಚು) ಅಲ್ಲೇ ಕುಯ್ದುಹೋಗುತ್ತದೆ. ಕ್ಲಾಂಪುಗಳನ್ನು ಮೊದಲೇ ಶಾಫ್ಟಿಗೆ ಹಾಕಿಕೊಳ್ಳಿ, ಎಷ್ಟೋ ಜನ ಇದನ್ನು ಮರೆತು ಮತ್ತೆ ಎಲ್ಲ ಬಿಚ್ಚುತ್ತಾರೆ. ಕಿಟ್ ಜೊತೆ ಬರುವ ಪ್ಯಾಕೆಟ್ ಗ್ರೀಸನ್ನೇ ಹಾಕಿ. ವೀಲ್ ಬೇರಿಂಗ್ ಗ್ರೀಸ್ ಡಬ್ಬಿ ಎಲ್ಲ ಗ್ಯಾರೇಜಲ್ಲೂ ತೆರೆದೇ ಇರುತ್ತದೆ, ಅದಕ್ಕೆ ಕೈ ಹಾಕಲು ಬಿಡಬೇಡಿ. ಪ್ಯಾಕೆಟ್ಟಿನ ಬಹುಪಾಲು ಬಾಲ್‌ಗಳ ಸಂದಿಗೆ ಬೆರಳಲ್ಲಿ ಒತ್ತಿ ತುಂಬಿ, ಉಳಿದದ್ದು ಬೂಟಿಗೆ. ಇನ್ನಷ್ಟು ತುಂಬಿದರೆ ಒಳ್ಳೆಯದು ಅಂದುಕೊಂಡು ಜಾಸ್ತಿ ಹಾಕಿದರೆ ಬಿಸಿಯಾದಾಗ ಬೂಟ್ ಉಬ್ಬಿ ಕ್ಲಾಂಪಿನಿಂದ ಜಾರುತ್ತದೆ.

ತುಟಿ ಕೂರುವ ತೋಡು ಒಣಗಿರಬೇಕು, ಅಲ್ಲಿ ಜಿಡ್ಡು ಇದ್ದರೆ ಎಷ್ಟು ಬಿಗಿದರೂ ಬೂಟ್ ತಿರುಚಿಕೊಳ್ಳುತ್ತದೆ. ದೊಡ್ಡ ಕ್ಲಾಂಪ್ ಬಿಗಿದ ಮೇಲೆ, ಚಿಕ್ಕ ತುದಿಯ ಅಡಿಗೆ ಮೊಂಡು ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಗಾಳಿ ಬಿಡಿ. ಮಡಿಕೆಗಳು ಉಬ್ಬದೆ, ಒಳಕ್ಕೆ ಎಳೆದುಕೊಳ್ಳದೆ ಸಹಜವಾಗಿ ನಿಂತಾಗ ಚಿಕ್ಕ ಕ್ಲಾಂಪ್ ಬಿಗಿಯಿರಿ. ಕಿವಿ ಇರುವ ಉಕ್ಕಿನ ಕ್ಲಾಂಪೇ ಆಗಬೇಕು, ಅದಕ್ಕೆ ತಕ್ಕ ಇಕ್ಕಳವೇ ಬೇಕು. ಪ್ಲಾಸ್ಟಿಕ್ ಟೈ ನಿಲ್ಲುವುದಿಲ್ಲ.

ಮನೆಯಲ್ಲಿ ಮಾಡಬಹುದಾ ಅಂದಿರಿ. ಬೂಟ್ ಹಾಕುವ ಕೆಲಸ ಮಾಡಬಹುದು. ಅಡ್ಡ ಬರುವುದು ಆ ನಟ್ ಮತ್ತು ಕಾರಿನ ಎತ್ತರ. ಸಾಮಾನ್ಯ ಟಾರ್ಕ್ ರೆಂಚ್ 460ರ ಹತ್ತಿರಕ್ಕೂ ಹೋಗುವುದಿಲ್ಲ. ಮುಕ್ಕಾಲು ಇಂಚಿನ ದೊಡ್ಡದು ಬೇಕು. ಲಾರಿ ಕೆಲಸ ಮಾಡುವವರ ಹತ್ತಿರ ಅದು ಇರುತ್ತದೆ. ಮೈಸೂರಿನಲ್ಲಿ ಲಾರಿ ಆಕ್ಸಲ್ ಗೊತ್ತಿರುವವರಿಗೆ ಬರವಿಲ್ಲ ಬಿಡಿ, ಹೂಟಗಳ್ಳಿಯಲ್ಲಿ ಲಾರಿ–ಬಸ್ಸಿನ ಆಕ್ಸಲ್ ಮಾಡುವ ಕಾರ್ಖಾನೆಯೇ ಇದೆ. ನಿಮ್ಮ ಕಾರು ನೆಲಕ್ಕೆ ಅಷ್ಟು ಹತ್ತಿರ ಕೂತಿರುವಾಗ ಮನೆಯ ಪೋರ್ಟಿಕೋದಲ್ಲಿ ಮಲಗಿ ಕೆಲಸ ಮಾಡುವುದು ಕಷ್ಟ. ಟೂ ಪೋಸ್ಟ್ ಲಿಫ್ಟ್ ಇರುವ ಗ್ಯಾರೇಜ್ ಹುಡುಕಿ. ನಿಮ್ಮ ಮೆಕ್ಯಾನಿಕ್ ಅವರನ್ನೂ ಬಿಡಬೇಡಿ. ಮಾರುತಿ ಬೂಟ್ ದಿನಾ ಹಾಕುವ ಕೈಗೆ ಇದು ಹೊಸದಲ್ಲ. ನಟ್ಟಿನ ಬಿಗಿತ, ಬೋಲ್ಟಿನ ಬಿಟ್, ಬಿಗಿತದ ಅಂಕಿ ಇರುವ ವರ್ಕ್‌ಶಾಪ್ ಮ್ಯಾನುಯಲ್ ಹಾಳೆ, ಇಷ್ಟನ್ನು ನೀವು ಒದಗಿಸಿದರೆ ಸಾಕು. ಕಿಟ್ಟನ್ನು ಚಾಸಿಸ್ ನಂಬರ್ ಕೊಟ್ಟೇ ತರಿಸಿ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ‘ಇದೇ ಕೂರುತ್ತೆ ಸಾರ್’ ಅಂತ ಕೊಡುವುದನ್ನು ತರಬೇಡಿ. ತುಟಿಯ ಅಳತೆ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಗ್ರೀಸ್ ನಿಲ್ಲುವುದಿಲ್ಲ.

ಗ್ಯಾರೇಜಿಗೆ ಬಿಡುವಾಗ ಒಂದು ಮಾತು ಹೇಳಿಡಿ: ಜಾಯಿಂಟ್ ತೊಳೆದ ಮೇಲೆ, ಗ್ರೀಸ್ ತುಂಬುವ ಮೊದಲು ಫೋನ್ ಮಾಡಿ, ನಾನು ಬಂದು ನೋಡಬೇಕು. ಉಗುರು ಎಳೆದು ನೋಡಲು ನಿಮಗೂ ಬರುತ್ತದೆ.

ಬಲಗಡೆಯದ್ದನ್ನು ಅದೇ ದಿನ ಲಿಫ್ಟ್ ಮೇಲೆ ಕೈಯಲ್ಲಿ ಹಿಸುಕಿ ನೋಡಿ. ಮಡಿಕೆಯಲ್ಲಿ ಬಿರುಕಿದ್ದರೆ ಹರಿಯುವ ಮೊದಲೇ ಹಾಕಿಸಿ, ಗ್ರೀಸ್ ಶುಚಿಯಾಗಿರುವಾಗ ಇದು ಎಲ್ಲಕ್ಕಿಂತ ಸುಲಭದ ಕೆಲಸ. ಬಿರುಕಿಲ್ಲದಿದ್ದರೆ ಸುಮ್ನೆ ಮುಟ್ಟಬೇಡಿ.

ಹಾಗೇ ಒಂದು ಅಡ್ಡ ಮಾತು. ಆಯುಧಪೂಜೆ ಬಂತೆಂದರೆ ಊರಿನ ಕಾರೆಲ್ಲ ವಾಟರ್ ಸರ್ವಿಸ್‌ಗೆ ಹೋಗುತ್ತವೆ. ತೊಳೆದಾದ ಮೇಲೆ ತುಕ್ಕು ಹಿಡಿಯದಿರಲಿ ಅಂತ ಅಡಿಗೆಲ್ಲ ಡೀಸೆಲ್ ಅಥವಾ ಹಳೇ ಆಯಿಲ್ ಸ್ಪ್ರೇ ಹೊಡೆಯುತ್ತಾರೆ. ರಬ್ಬರಿಗೆ ಅದು ಒಳ್ಳೆಯದಲ್ಲ, ಮೆತ್ತಗಾಗಿ ಉಬ್ಬುತ್ತದೆ. ಜೆಟ್ ನಳಿಕೆಯನ್ನು ಬೂಟಿಗೆ ತೀರಾ ಹತ್ತಿರ ಹಿಡಿದರೆ ತುಟಿಯ ಸಂದಿಯಲ್ಲಿ ನೀರು ನುಗ್ಗುತ್ತದೆ. ‘ನೀರು ಸಾಕು, ಸ್ಪ್ರೇ ಬೇಡ’ ಅಂತ ಮೊದಲೇ ಹೇಳಿ.

ಕೆಲಸ ಮುಗಿದು ಒಂದೆರಡು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಟಾರ್ಚ್ ಹಿಡಿದು ನೋಡಿ. ತುಟಿಯ ಅಂಚಿನಲ್ಲಿ ತೆಳ್ಳಗೆ ಜಿಡ್ಡಿನ ಗೆರೆ ಇದ್ದರೆ ಒರೆಸಿ, ಮುಂದಿನ ವಾರ ನೋಡಿ. ಅದು ಮತ್ತೆ ಬಂದರೆ, ಅಥವಾ ಚಕ್ರದ ಒಳಮೈಯಲ್ಲಿ ಹೊಸ ಚುಕ್ಕೆ ಕಂಡರೆ ಕ್ಲಾಂಪ್ ಸರಿಯಾಗಿ ಕೂತಿಲ್ಲ. ಅದನ್ನಷ್ಟೇ ಬದಲಿಸಿದರೆ ಸಾಕು. ಹೊರಗಿನಿಂದ ಸುತ್ತಿ ಹಾಕುವ ತೆರೆದ ಕ್ಲಾಂಪ್ ಆದರೆ ಆಕ್ಸಲ್ ಮತ್ತೆ ಬಿಚ್ಚಬೇಕಾಗಿಲ್ಲ.